ಅಂಗಡಿಯ ಹೆಸರಿನ ಪೊಟ್ಟಣವನ್ನು ಯಾವಾಗ ನಂಬಬೇಕು?

ಭಟ್ಕಳದಿಂದ ಕುಮಟಾದವರೆಗಿನ ಪೇಟೆಗಳಲ್ಲಿ ಯಾವುದೇ ಸೂಪರ್ ಮಾರ್ಕೆಟ್ಟಿಗೆ ಹೋದರೂ ಈಗ ಒಂದು ಸಾಲು ತಪ್ಪದೆ ಕಣ್ಣಿಗೆ ಬೀಳುತ್ತದೆ. ತೊಗರಿಬೇಳೆ, ಅವಲಕ್ಕಿ, ಅರಿಸಿನಪುಡಿ, ಬಟ್ಟೆ ಸೋಪಿನ ಪುಡಿ, ಫಿನೈಲು, ಪಾತ್ರೆ ತಿಕ್ಕುವ ಬಾರು. ಇವುಗಳ ಮೇಲಿರುವುದು ಟಿ.ವಿ. ಜಾಹೀರಾತಿನಲ್ಲಿ ನಾವು ಕೇಳಿದ ಹೆಸರಲ್ಲ, ಅಂಗಡಿಯದೇ ಹೆಸರು. ಹಲವು ಊರುಗಳಲ್ಲಿ ಮಳಿಗೆಗಳಿರುವ ದೊಡ್ಡ ಕಂಪನಿಯದಾದರೆ ಬಣ್ಣದ ಚೀಲ, ಊರಿನ ಅಂಗಡಿಯದಾದರೆ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಅಂಟಿಸಿದ ಒಂದು ಚೀಟಿ. ಬೆಲೆ ಮಾತ್ರ ಪಕ್ಕದ ಪ್ರಸಿದ್ಧ ಕಂಪನಿಯ ಮಾಲಿಗಿಂತ ಕಡಿಮೆ. ಇದನ್ನು ಒಯ್ಯಬೇಕೋ ಬಿಡಬೇಕೋ ಎಂಬ ಪ್ರಶ್ನೆ ಸಣ್ಣದೆಂದು ಅನೇಕರಿಗೆ ತೋರಬಹುದು. ತಿಂಗಳ ಸಾಮಾನಿನ ಚೀಟಿ ಬರೆಯುವವರಿಗೆ ಅದು ಸಣ್ಣದಲ್ಲ. ಹೊನ್ನಾವರದಲ್ಲಿ ಮನೆ ಮಾಡಿಕೊಂಡು, ಶಾಲೆಯಲ್ಲಿ ಪಾಠ ಹೇಳುತ್ತ, ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಈ ಚೀಟಿ ಬರೆದವಳು ನಾನು.

ಈ ವಿಷಯದಲ್ಲಿ ಜನ ಎರಡು ಪಂಗಡವಾಗಿದ್ದಾರೆ. ಅಗ್ಗದ್ದೆಂದರೆ ಕಳಪೆಯೇ ಎನ್ನುವವರು ಒಂದು ಕಡೆ. ಎಲ್ಲವೂ ಒಂದೇ ಕಾರ್ಖಾನೆಯದು, ಹೊದಿಕೆ ಮಾತ್ರ ಬೇರೆ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅಂಗಡಿಯವರು ಸ್ವಂತ ಕಾರ್ಖಾನೆ ಕಟ್ಟುವುದು ಅಪರೂಪ. ಬೇರೆ ಯಾರೋ ತಯಾರಿಸಿಕೊಟ್ಟದ್ದಕ್ಕೆ ತಮ್ಮ ಹೆಸರು ಹಾಕುತ್ತಾರೆ, ಅದೇ ತಯಾರಕ ಹೆಸರಾಂತ ಕಂಪನಿಗೂ ಸರಕು ಮಾಡಿಕೊಡುತ್ತಿರಲೂಬಹುದು. ಆದರೆ ಒಂದೇ ಒಲೆಯ ಮೇಲೆ ಬೆಂದದ್ದೆಲ್ಲ ಒಂದೇ ಸಾರಾಗುವುದಿಲ್ಲವಲ್ಲ! ಯಾವ ಕಚ್ಚಾ ಮಾಲು, ಎಷ್ಟು ಪ್ರಮಾಣ ಎಂಬುದನ್ನು ನಿರ್ಧರಿಸುವವರು ಹಣ ಕೊಡುವವರು.

ತಾನು ಬೆಳೆಯದ ಸರಕಿಗೆ ತನ್ನ ಹೆಸರು ಹಾಕುವ ಈ ಪದ್ಧತಿ ನಮ್ಮ ಕರಾವಳಿಗೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹತ್ತಿ ವ್ಯಾಪಾರಿಗಳ ಬಾಯಲ್ಲಿ ಕುಮಟಾ ಎಂಬುದು ಒಂದು ಬಗೆಯ ಹತ್ತಿಯ ಹೆಸರಾಗಿತ್ತು. ಈ ಮಳೆಯ ಸೀಮೆಯಲ್ಲಿ ಹತ್ತಿ ಎಲ್ಲಿ ಬೆಳೆದೀತು? ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು; ಅಲ್ಲಿಂದ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿಗೆ. ಸರಕು ಬಯಲುಸೀಮೆಯದು, ಹೆಸರು ಬಂದರಿನದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಇಲ್ಲಿಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಬೆಲೆಯ ಬೆನ್ನಿಗೇ ಕಲಬೆರಕೆಯೂ ಬೆಳೆಯಿತು. ಬೀಜ, ಧೂಳು, ಹಳೆಯ ಹತ್ತಿ ಎಲ್ಲವೂ ಅಂಡಿಗೆಯೊಳಗೆ ಸೇರತೊಡಗಿದವು. ಕೊನೆಗೆ 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ವಂಚನೆಯನ್ನು ತಡೆಯಲೆಂದೇ ಒಂದು ಕಾಯ್ದೆ ತರಬೇಕಾಯಿತು. ಬೆಳೆದವನು ಒಬ್ಬ, ಕಟ್ಟಿದವನು ಇನ್ನೊಬ್ಬ, ಹೆಸರು ಮತ್ತೊಬ್ಬರದು ಎಂದಾಗ ಕೆಟ್ಟ ಮಾಲಿಗೆ ಉತ್ತರ ಹೇಳುವವರು ಯಾರು ಎಂಬ ಪ್ರಶ್ನೆ ಅಂದೂ ಇತ್ತು. ಅಂಗಡಿಯ ಹೆಸರಿನ ಪೊಟ್ಟಣವನ್ನು ಕೈಗೆತ್ತಿಕೊಂಡಾಗ ನಾನು ಕೇಳಿಕೊಳ್ಳುವುದೂ ಇದನ್ನೇ.

ಹೊರಗಿನ ಪ್ರಪಂಚದಲ್ಲಿ ಈ ವ್ಯಾಪಾರಕ್ಕೆ ದೊಡ್ಡ ಇತಿಹಾಸವಿದೆ. ಫ್ರಾನ್ಸಿನ ಕ್ಯಾರಿಫೋರ್ ಎಂಬ ಮಳಿಗೆ 1976ರಲ್ಲಿ ಬಿಳಿಯ ಹೊದಿಕೆಯಲ್ಲಿ, ಯಾವ ಕಂಪನಿಯ ಹೆಸರೂ ಇಲ್ಲದೆ 50 ಬಗೆಯ ವಸ್ತುಗಳನ್ನು ಮಾರಾಟಕ್ಕಿಟ್ಟು ಗದ್ದಲವೆಬ್ಬಿಸಿತು. ನಮ್ಮ ಬೆಂಗಳೂರಿನಲ್ಲಿಯೇ ಬ್ರಿಗೇಡ್ ರಸ್ತೆಯ ನೀಲಗಿರೀಸ್ ಅಂಗಡಿ ತನ್ನ ಹೆಸರಿನ ಬ್ರೆಡ್ಡು, ಬೆಣ್ಣೆಗಳಿಂದ ಹೆಸರು ಗಳಿಸಿತ್ತು. ಇನ್ನು ಭಟ್ಕಳದ ಮನೆಗಳಿಗೆ ಇದೆಲ್ಲ ನಮಗಿಂತ ಮೊದಲೇ ಪರಿಚಿತ. ದುಬೈಯಿಂದ ಊರಿಗೆ ಬರುವವರ ರಟ್ಟಿನ ಪೆಟ್ಟಿಗೆಗಳಲ್ಲಿ ಅಲ್ಲಿಯ ಮಳಿಗೆಗಳ ಸ್ವಂತ ಹೆಸರಿನ ಹಾಲಿನ ಪುಡಿ, ಟಿಶ್ಯೂ ಕಾಗದ, ಪಾತ್ರೆ ತೊಳೆಯುವ ದ್ರವ ಇವೆಲ್ಲ ಬರುತ್ತಿದ್ದವು. ವಿದೇಶದ್ದೆಂಬ ಗೌರವದಿಂದ ಅವನ್ನು ಹಂಚಿಕೊಳ್ಳುತ್ತಿದ್ದೆವು. ಅಲ್ಲಿಯವರ ಪಾಲಿಗೆ ಅದು ಅಗ್ಗದ ಮಾಲು ಎಂಬುದು ಹೊಳೆಯುತ್ತಿದ್ದವರು ಕಡಿಮೆ!

ಅಗ್ಗವಾಗುವುದು ಹೇಗೆ ಎಂಬುದರಲ್ಲಿ ಗುಟ್ಟೇನಿಲ್ಲ. ಚಿತ್ರತಾರೆಗೆ ಕೊಡುವ ಹಣ, ಟಿ.ವಿ.ಗೆ ಕೊಡುವ ಹಣ, ನಡುವಿನ ವಿತರಕನ ಪಾಲು ಇಲ್ಲಿ ಉಳಿಯುತ್ತದೆ. ಉಳಿತಾಯ ಇಷ್ಟರಿಂದಲೇ ಆಗಿದ್ದರೆ ಕೊಳ್ಳುವವರಿಗೆ ಲಾಭ. ಸರಕಿನ ಸತ್ವವನ್ನೇ ಇಳಿಸಿ ಆಗಿದ್ದರೆ ನಷ್ಟ. ಎರಡನ್ನೂ ಬೇರ್ಪಡಿಸಿ ನೋಡುವ ಬಗೆ ಒಂದೊಂದು ವಸ್ತುವಿಗೆ ಒಂದೊಂದು.

ಕಣ್ಣು, ಮೂಗು, ಕೈಗಳಿಗೆ ಸಿಗುವ ವಸ್ತುವಿಗೆ ಹೆಸರಿನ ಹಂಗೇಕೆ? ತೊಗರಿಬೇಳೆಯ ಪಾರದರ್ಶಕ ಚೀಲವನ್ನು ಬೆಳಕಿಗೆ ಹಿಡಿದರೆ ನುಚ್ಚೆಷ್ಟು, ಹುಳುವಿದೆಯೇ, ಹೊಳಪು ಬರಲೆಂದು ಎಣ್ಣೆ ಸವರಿದ್ದಾರೆಯೇ ಎಂಬುದು ಗೊತ್ತಾಗುತ್ತದೆ. ಕುಚ್ಚಲಕ್ಕಿಯನ್ನಂತೂ ನಮ್ಮ ಕಡೆಯವರು ಅಂಗೈಯಲ್ಲಿ ಹಾಕಿ ಉಜ್ಜಿ ನೋಡಿಯೇ ಹೇಳುತ್ತಾರೆ. ಕಡಲೆ, ಹೆಸರು, ಅವಲಕ್ಕಿ, ಬೆಲ್ಲ ಎಲ್ಲವೂ ಈ ವರ್ಗದವು. ಇವುಗಳಲ್ಲಿ ಪ್ರಸಿದ್ಧ ಹೆಸರಿಗೆ ಹೆಚ್ಚು ಹಣ ಕೊಡಲು ನನಗೆ ಕಾರಣ ಕಾಣದು. ಆದರೆ ಇಲ್ಲಿ ಅಂಗಡಿ ಪೊಟ್ಟಣದ ನಿಜವಾದ ಎದುರಾಳಿ ದೊಡ್ಡ ಕಂಪನಿಯಲ್ಲ, ಗೋಣಿಚೀಲದಿಂದ ಅಳೆದು ಕೊಡುವ ಬಿಡಿ ಮಾಲು. 2022ರ ಜುಲೈ 18ರಿಂದ, ಮೊದಲೇ ತೂಗಿ ಚೀಟಿ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಶೇ 5 ಜಿಎಸ್‌ಟಿ ಇದೆ, ಎದುರಿಗೇ ತೂಗಿ ಕೊಡುವ ಬಿಡಿ ಮಾಲಿಗೆ ಇಲ್ಲ. ಅದೇ ಅಂಗಡಿಯವನು ಅದೇ ಗೋಣಿಯ ಬೇಳೆಯನ್ನು ಚೀಲದಲ್ಲಿ ತುಂಬಿ ಹೆಸರು ಹಚ್ಚಿದ ಮಾತ್ರಕ್ಕೆ ತೆರಿಗೆ ಸೇರಿಕೊಳ್ಳುತ್ತದೆ. ಹೀಗಿರುವಾಗ ಬಿಡಿ ಮಾಲು ಸಿಗುವಲ್ಲಿ ಅಂಗಡಿಯ ಹೆಸರಿನ ಬೇಳೆಯನ್ನು ಕೊಳ್ಳುವುದು ಸಮಯ ಉಳಿಸಿಕೊಳ್ಳಲು ಮಾತ್ರ. ಸಮಯಕ್ಕೂ ಬೆಲೆಯಿದೆ ಎನ್ನುವವರೊಂದಿಗೆ ನನ್ನ ತಕರಾರಿಲ್ಲ.

ಉಪ್ಪಿನ ಮಾತು ಸ್ವಲ್ಪ ಬೇರೆ. ದಿನಬಳಕೆಯ ಉಪ್ಪಿನಲ್ಲಿ ಅಯೋಡಿನ್ ಇರಬೇಕೆಂದು, ಚಿಲ್ಲರೆ ಅಂಗಡಿಯ ಹಂತದಲ್ಲಿ ಅದು ಕನಿಷ್ಠ 15 ಪಿಪಿಎಂ ಇರಬೇಕೆಂದು ನಿಯಮವಿದೆ. ಆ ನಿಯಮ ಎಲ್ಲರಿಗೂ ಒಂದೇ. ಆದ್ದರಿಂದ ಅಂಗಡಿಯ ಹೆಸರಿನ ಅಯೋಡಿನ್ ಉಪ್ಪನ್ನು ಧಾರಾಳವಾಗಿ ಕೊಳ್ಳಬಹುದು. ನಮ್ಮ ತೇವದ ಹವೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಯಾವ ಕಂಪನಿಯ ಅಯೋಡಿನ್ನೂ ಉಳಿಯದು ಎಂಬುದು ಬೇರೆ ಮಾತು. ಮಾವಿನ ಮಿಡಿ ಹಾಕಲು, ಹಲಸಿನ ತೊಳೆ ಉಪ್ಪಿನಲ್ಲಿಡಲು ಮಾತ್ರ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯ ಹರಳುಪ್ಪೇ ನಮ್ಮ ಮನೆಗೆ ಬರುತ್ತದೆ. ಗೋಕರ್ಣದ ಪಕ್ಕದ ಆ ಆಗರಗಳ ಉಪ್ಪಿಗೆ ಯಾವ ಜಾಹೀರಾತೂ ಬೇಕಾಗಿಲ್ಲ.

ಕೈಯಿಂದ, ಕಣ್ಣಿನಿಂದ ಪರೀಕ್ಷಿಸಲಾಗದ ವಸ್ತುಗಳಲ್ಲಿ ಕೆಲವಕ್ಕೆ ಅಂಕಿಗಳ ಸಾಕ್ಷಿಯಿದೆ. ಮೈಸೋಪು ಇದಕ್ಕೆ ಒಳ್ಳೆಯ ಉದಾಹರಣೆ. ಸೋಪಿನ ಹೊದಿಕೆಯ ಹಿಂಬದಿಯಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಟಿಎಫ್‌ಎಂ ಎಂದು ಬರೆದು ಪಕ್ಕದಲ್ಲಿ ಶೇಕಡಾವಾರು ಕೊಟ್ಟಿರುತ್ತಾರೆ. ಸೋಪಿನಲ್ಲಿ ಎಣ್ಣೆ-ಕೊಬ್ಬಿನಿಂದ ಬಂದ ಅಂಶ ಎಷ್ಟು ಎಂಬುದರ ಲೆಕ್ಕ ಅದು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಶೇ 76ಕ್ಕೆ ಕಡಿಮೆಯಿಲ್ಲದ್ದು ಗ್ರೇಡ್ 1, ಶೇ 70 ಇರುವುದು ಗ್ರೇಡ್ 2, ಶೇ 60 ಇರುವುದು ಗ್ರೇಡ್ 3. ಇದಕ್ಕೂ ಕೆಳಗಿನದು 'ಟಾಯ್ಲೆಟ್ ಸೋಪ್' ಎಂಬ ಹೆಸರಿಗೇ ಅರ್ಹವಲ್ಲ. 'ಬೇಥಿಂಗ್ ಬಾರ್' ಎಂಬ ಬೇರೆ ವರ್ಗವಿದೆ, ಅದಕ್ಕೆ ಶೇ 40 ಇದ್ದರೂ ಸಾಕು. ಟಿಎಫ್‌ಎಂ ಕಡಿಮೆಯಾದಂತೆ ತುಂಬುವ ಪುಡಿಗಳ ಪಾಲು ಹೆಚ್ಚುತ್ತದೆ. ಬಿಲ್ಲೆ ಸೋಪಿನ ಡಬ್ಬಿಯಲ್ಲಿ ಬೇಗ ಕರಗಿ ಲೋಳೆಯಾಗುತ್ತದೆ. ಮೈಸೂರು ಸ್ಯಾಂಡಲ್ ಸೋಪು ಗ್ರೇಡ್ 1 ಎಂಬುದನ್ನು ಬಲ್ಲವರು ಅನೇಕರಿದ್ದಾರೆ. ಆದರೆ ಚೆಲುವೆಯ ಚಿತ್ರದೊಂದಿಗೆ ಮಾರಾಟವಾಗುವ ಹಲವು ಸೋಪುಗಳು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತವೆ ಎಂಬುದನ್ನು ಓದುಗರು ತಮ್ಮ ಸ್ನಾನದ ಮನೆಯಲ್ಲಿಯೇ ಪರೀಕ್ಷಿಸಬಹುದು. ಅಂಗಡಿಯ ಹೆಸರಿನ ಸೋಪಿನ ಮೇಲೆ ಗ್ರೇಡ್ 1 ಎಂದಿದ್ದು ಬೆಲೆ ಕಡಿಮೆಯಿದ್ದರೆ ನಾನು ಎರಡನೆಯ ಯೋಚನೆ ಮಾಡುವುದಿಲ್ಲ. ಅಂಕಿಯೇ ಇಲ್ಲದಿದ್ದರೆ ಮರಳಿ ಸಾಲಿನಲ್ಲಿಡುತ್ತೇನೆ. ಅಂದಹಾಗೆ, ಘಟ್ಟದ ಕೆಳಗಿನ ಬಾವಿಗಳ ನೀರು ಬಹುಪಾಲು ಮೆದು. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ನೊರೆ ಬಾರದ ಸೋಪೂ ಇಲ್ಲಿ ಚೆನ್ನಾಗಿ ನೊರೆ ಕೊಡುತ್ತದೆ. ನೊರೆಯನ್ನು ನೋಡಿ ಸೋಪನ್ನು ಹೊಗಳುವವರು ಇದನ್ನು ನೆನಪಿಡಬೇಕು.

ಫಿನೈಲಿಗೂ ಇಂಥದೊಂದು ಅಂಕಿಯಿದೆ. ಕರಿ ಫಿನೈಲಿನ ಬಾಟಲಿಯ ಮೇಲೆ 'ಆರ್‌ಡಬ್ಲ್ಯುಸಿ' ಎಂದು ಬರೆದಿದ್ದರೆ ಅದು ರೋಗಾಣು ಕೊಲ್ಲುವ ಶಕ್ತಿಯ ಅಳತೆ. ಸಂಖ್ಯೆ ಹೆಚ್ಚಿದ್ದಷ್ಟೂ ಹೆಚ್ಚು ನೀರು ಬೆರೆಸಬಹುದು. ಘಮಘಮಿಸುವ ಬಿಳಿ ನೀರಿಗೆ ಅಂಥ ಯಾವ ಅಂಕಿಯೂ ಇಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಪರಿಮಳವನ್ನು ಮಾತ್ರ.

ಬಟ್ಟೆ ಸೋಪಿನ ಪುಡಿಯ ವಿಚಾರದಲ್ಲಿ ನಮ್ಮ ಕರಾವಳಿಗೆ ಬೇರೆಯದೇ ಕಷ್ಟವಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರುಗಳಿವು. ಜೂನ್, ಜುಲೈಗಳಲ್ಲಿ ಗೋಡೆಯೇ ಬೆವರುತ್ತದೆ. ತೆಳು ಪ್ಲಾಸ್ಟಿಕ್ಕಿನಲ್ಲಿ, ಅರೆಬರೆ ಬೆಸೆದ ಬಾಯಿಯ ಪೊಟ್ಟಣ ತಂದಿಟ್ಟರೆ ವಾರದೊಳಗೆ ಪುಡಿ ಕಲ್ಲಾಗುತ್ತದೆ. ಬೆಂಗಳೂರಿನ ಗೆಳತಿ ಅದೇ ಪುಡಿಯನ್ನು ಮೆಚ್ಚಬಹುದು, ಅವಳ ಮಾತು ಇಲ್ಲಿಗೆ ಅನ್ವಯಿಸದು. ಹೊದಿಕೆಯೂ ಸರಕಿನ ಒಂದು ಭಾಗ ಎಂಬುದನ್ನು ಮಳೆಗಾಲ ನಮಗೆ ಕಲಿಸುತ್ತದೆ. ಬಿಸ್ಕತ್ತು, ಹಪ್ಪಳ, ಬೆಂಕಿಪೊಟ್ಟಣಗಳಿಗೂ ಇದೇ ಮಾತು. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅಂಗಡಿಯ ಹೆಸರಿನ ಸೋಪಿನ ಪುಡಿ ತರುವುದಿಲ್ಲ, ಬಾರ್ ಸೋಪು ತರುತ್ತೇನೆ. ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಒಂದು ಕಿಲೋ ಪುಡಿಗೆ ಒಂದರ ಬೆಲೆ 110 ರೂಪಾಯಿ, ಅಂಗಡಿಯದಕ್ಕೆ 80 ಎಂದಿಟ್ಟುಕೊಳ್ಳಿ. ಮೊದಲನೆಯದು ಒಂದು ಚಮಚ ಸಾಕಾಗುವಲ್ಲಿ ಎರಡನೆಯದು ಒಂದೂವರೆ ಚಮಚ ಬೇಡಿದರೆ ಅದರ ನಿಜವಾದ ಬೆಲೆ 120. ಪೊಟ್ಟಣದ ಮೇಲೆ ಈಗ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟಾಯಿತೆಂಬ ದರವನ್ನೂ ಮುದ್ರಿಸಬೇಕೆಂಬ ನಿಯಮ ಬಂದಿದೆ, ಒಳ್ಳೆಯದೇ. ಆದರೆ ಒಂದು ಬಕೆಟ್ ಬಟ್ಟೆಗೆ ಎಷ್ಟಾಯಿತೆಂಬುದನ್ನು ಯಾವ ಮುದ್ರಣವೂ ಹೇಳದು. ಪೊಟ್ಟಣ ಒಡೆದ ತಾರೀಖನ್ನು ಕ್ಯಾಲೆಂಡರಿನ ಮೇಲೆ ಬರೆದಿಡುವುದೊಂದೇ ದಾರಿ.

ಮೂರನೆಯ ಬಗೆಯ ವಸ್ತುಗಳಿವೆ. ಅವು ಕೆಟ್ಟರೆ ಹೋಗುವುದು ಎಂಬತ್ತು ರೂಪಾಯಿಯಲ್ಲ, ಅದಕ್ಕಿಂತ ದೊಡ್ಡದು. ಪ್ರೆಶರ್ ಕುಕ್ಕರ್, ಗ್ಯಾಸಿನ ರಬ್ಬರ್ ಕೊಳವೆ, ವಿದ್ಯುತ್ ವೈರು, ಪ್ಲಗ್ಗು, ಮಕ್ಕಳ ಆಹಾರ. ಐಎಸ್‌ಐ ಗುರುತು ಕಡ್ಡಾಯವಿದ್ದರೂ ಅದಿಲ್ಲದ ಕುಕ್ಕರುಗಳು ಆನ್‌ಲೈನ್ ಮಳಿಗೆಗಳಲ್ಲಿ ಮಾರಾಟವಾದದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ದಂಡ ಹಾಕಿತು. ಇಂಥಲ್ಲಿ ಗುರುತನ್ನು ನೋಡದೆ ಬೆಲೆಯನ್ನು ನೋಡುವುದು ಸಲ್ಲದು. ಮಸಾಲೆ ಪುಡಿಗಳನ್ನೂ ನಾನು ಇದೇ ಪಟ್ಟಿಗೆ ಸೇರಿಸುತ್ತೇನೆ. ಇಡಿಯಾಗಿದ್ದಾಗ ಮೆಣಸಿನಕಾಯಿಯನ್ನು ಕಣ್ಣು ಗುರುತಿಸುತ್ತದೆ, ಪುಡಿಯಾದ ಮೇಲೆ ಅದರಲ್ಲಿ ಏನೇನಿದೆಯೆಂದು ಪ್ರಯೋಗಶಾಲೆಯೇ ಹೇಳಬೇಕು. ಹಾಗೆಂದು ದೊಡ್ಡ ಹೆಸರು ಇಲ್ಲಿ ಕಾಪಾಡುತ್ತದೆ ಎಂದೂ ಹೇಳಲಾಗದು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನ ಆಹಾರ ಸುರಕ್ಷತಾ ಕೇಂದ್ರ ಎಥಿಲೀನ್ ಆಕ್ಸೈಡ್ ಕಂಡುಬಂತೆಂದು ಮಾರಾಟ ತಡೆದದ್ದು ನಮ್ಮ ದೇಶದ ಎರಡು ಅತಿ ಪ್ರಸಿದ್ಧ ಮಸಾಲೆ ಕಂಪನಿಗಳ ಪುಡಿಗಳನ್ನು. ಅರಿಸಿನ, ಮೆಣಸು, ಕೊತ್ತಂಬರಿ ಇಡಿಯಾಗಿ ಕೊಂಡು ಗಿರಣಿಯಲ್ಲಿ ಪುಡಿ ಮಾಡಿಸುವ ನಮ್ಮ ಹಿರಿಯರ ಪದ್ಧತಿಯನ್ನು ಬಿಡಲು ನನಗೆ ಈವರೆಗೆ ಕಾರಣ ಸಿಕ್ಕಿಲ್ಲ. ತೆಂಗಿನೆಣ್ಣೆಯೂ ಹಾಗೆಯೇ. ಒಣಕೊಬ್ಬರಿಯನ್ನು ಎದುರಿಗೇ ಹಾಕಿ ಎಣ್ಣೆ ತೆಗೆದುಕೊಡುವ ಗಿರಣಿ ಹತ್ತಿರದಲ್ಲಿರುವಾಗ ಬಾಟಲಿಯ ಹೆಸರು ಯಾರದಾದರೇನು?

ಇಷ್ಟೆಲ್ಲ ಲೆಕ್ಕ ಹಾಕಲು ಕೈಯಲ್ಲಿ ರೊಕ್ಕವಿರಬೇಕು ಎಂಬುದನ್ನು ಮಾತ್ರ ಮರೆಯಬಾರದು. ಅಂಗಡಿ ಹೆಸರಿನ ಮಾಲು ನಿಜವಾಗಿ ಅಗ್ಗವಾಗುವುದು ಐದು ಕಿಲೋ ಚೀಲದಲ್ಲಿ, ನಗದು ಕೊಟ್ಟಾಗ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುತ್ತದೆ. ಹೊನ್ನಾವರದ ಕಾಸರಕೋಡಿನಲ್ಲಿ, ಕುಮಟಾ ತಾಲ್ಲೂಕಿನ ತದಡಿಯಲ್ಲಿ, ಭಟ್ಕಳದ ಬಂದರಿನಲ್ಲಿ ಆ ಎರಡು ತಿಂಗಳು ಎಷ್ಟೋ ಮನೆಗಳು ನಡೆಯುವುದು ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಮೇಲೆ. ಆ ಪುಸ್ತಕದಲ್ಲಿ ಬರೆಸಿ ತರುವುದು ಕಾಲು ಕಿಲೋ ಬೇಳೆ, ಸ್ಯಾಶೆಯಲ್ಲಿ ಬರುವ ಸೋಪಿನ ಪುಡಿ, ಶಾಂಪೂ. ಗ್ರಾಮಿನ ಲೆಕ್ಕದಲ್ಲಿ ಅದು ದುಬಾರಿಯೆಂದು ನನ್ನಂಥ ಪಿಂಚಣಿದಾರರು ಉಪದೇಶ ಮಾಡುವುದು ಸುಲಭ. ಉದ್ರಿ ಕೊಡದ ಮಳಿಗೆಯ ಅಗ್ಗದ ಬೆಲೆ ಅವರ ಪಾಲಿಗೆ ಗಾಜಿನ ಆಚೆಗಿನ ಬೆಲೆ. ಮೂರೂ ಊರುಗಳ ಕಿರಾಣಿ ಅಂಗಡಿಗಳಿಂದ ನಗದು ಗಿರಾಕಿಗಳೆಲ್ಲ ದೊಡ್ಡ ಮಳಿಗೆಗಳಿಗೆ ಹೋದರೆ ಉದ್ರಿಯ ಹೊರೆ ಹೊರುವ ಶಕ್ತಿ ಆ ಅಂಗಡಿಗಳಿಗೆ ಉಳಿಯುವುದೇ ಎಂಬ ಚಿಂತೆ ನನಗಿದೆ. ಅದಕ್ಕಾಗಿಯೇ ಬೇಳೆ, ಅಕ್ಕಿ, ಬೆಲ್ಲಗಳ ಚೀಟಿಯನ್ನು ಓಣಿಯ ಅಂಗಡಿಗೇ ಕೊಡುತ್ತೇನೆ. ಕೆಲವು ರೂಪಾಯಿ ಹೆಚ್ಚಾದರೂ ಸರಿ.

ಇದು ದಾಕ್ಷಿಣ್ಯದ ಮಾತಷ್ಟೇ ಅಲ್ಲ, ಹೊಣೆಯ ಮಾತೂ ಹೌದು. ಜಿಲ್ಲಾ ಗ್ರಾಹಕರ ಆಯೋಗವಿರುವುದು ಕಾರವಾರದಲ್ಲಿ, ಭಟ್ಕಳದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. 1915ಕ್ಕೆ ಫೋನ್ ಮಾಡಬಹುದು, ಆನ್‌ಲೈನ್‌ನಲ್ಲೂ ದೂರು ಕೊಡಬಹುದು, ನಿಜ. ಅರವತ್ತು ರೂಪಾಯಿಯ ಪೊಟ್ಟಣಕ್ಕಾಗಿ ಅಷ್ಟು ಮಾಡುವವರು ಎಷ್ಟು ಮಂದಿ? ಓಣಿಯ ಅಂಗಡಿಯವರು "ಅಕ್ಕೋರೆ, ಒಯ್ದು ನೋಡಿ, ಸರಿಯಿಲ್ಲದಿದ್ದರೆ ತಂದುಕೊಡಿ" ಎಂದರೆ ಆ ಮಾತು ನಡೆಯುತ್ತದೆ. ಒಡೆದ ಪೊಟ್ಟಣವನ್ನೂ ಮರಳಿ ಪಡೆದದ್ದುಂಟು. ದೊಡ್ಡ ಮಳಿಗೆಯ ಕೌಂಟರಿನಲ್ಲಿರುವ ಹುಡುಗಿಗೆ ಅಂಥ ಅಧಿಕಾರವನ್ನು ಅವಳ ಯಜಮಾನರು ಕೊಟ್ಟಿದ್ದಾರೆಯೇ ಎಂಬುದನ್ನು ಮೊದಲ ಸಲ ಹೋದಾಗಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮರಳಿ ಪಡೆಯುವ ಅಂಗಡಿಯ ಹೆಸರಿನ ಪೊಟ್ಟಣಕ್ಕೆ ಬೆಲೆಯಿದೆ. ಜೊತೆಗೆ ಅಂಗಡಿ ಉಳಿಯಬೇಕು ಎಂಬುದೂ ಮುಖ್ಯವೇ. ಬಿಗ್ ಬಜಾರ್ ತನ್ನದೇ ಹೆಸರುಗಳಲ್ಲಿ ತಿಂಡಿಯಿಂದ ನೆಲ ಒರೆಸುವ ದ್ರವದವರೆಗೆ ಮಾರುತ್ತಿತ್ತು. 2022ರಲ್ಲಿ ಆ ಮಳಿಗೆಗಳು ಮುಚ್ಚಿದಾಗ ಆ ಸಾಲುಗಳೂ ಅವುಗಳೊಂದಿಗೆ ಹೋದವು.

ನಮ್ಮ ಊರುಗಳ ಸ್ವಂತ ಸೂಪರ್ ಮಾರ್ಕೆಟ್‌ಗಳ ಯಜಮಾನರಲ್ಲಿ ಒಂದು ಕೇಳಿಕೆಯಿದೆ. ತೂಗಿ ಕಟ್ಟಿಟ್ಟು ಮಾರುವ ಪೊಟ್ಟಣದ ಮೇಲೆ ಕಟ್ಟಿದವರ ಹೆಸರು, ವಿಳಾಸ, ತಿಂಗಳು, ವರ್ಷ ಇರಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆಯೂ ಇರಬೇಕು. ಎಷ್ಟೋ ಚೀಟಿಗಳಲ್ಲಿ ತೂಕ ಮತ್ತು ಬೆಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅವನ್ನೆಲ್ಲ ಬರೆಯುವುದು ಹೇಗೂ ಕಡ್ಡಾಯ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ಯಾವ ಕಾನೂನೂ ಅಡ್ಡಿ ಬರುವುದಿಲ್ಲ: ಎಣ್ಣೆಯಾದರೆ ಯಾವ ಊರಿನ ಗಿರಣಿಯದು, ಹಪ್ಪಳವಾದರೆ ಯಾವ ಮಹಿಳಾ ಸಂಘದ್ದು, ಅಕ್ಕಿಯಾದರೆ ಯಾವ ಮಿಲ್ಲಿನದು ಎಂದು. ಅಷ್ಟನ್ನು ಬರೆದ ಪೊಟ್ಟಣ ಸಿಕ್ಕಿದರೆ ಕೊಳ್ಳಲು ನಾನು ಸಿದ್ಧಳಿದ್ದೇನೆ. ಮಳೆಗಾಲದಲ್ಲಿ ಮಾತ್ರ ಅದರ ಬಾಯಿಯನ್ನು ಇನ್ನಷ್ಟು ಗಟ್ಟಿಯಾಗಿ ಬೆಸೆದುಕೊಡಲಿ.